ಕಾಕುವಿನ ಪೇಜಿನಿಂದ ಹೊರಬೀಳುವ ದಾರಿ

ಪೆಟ್ಟಿಗೆಯ ಬಲ ಮೂಲೆಯಲ್ಲಿದ್ದ ಗುಣಾಕಾರದ ಚಿಹ್ನೆಯ ಮೇಲೆ ಕಾಕು ತೋರುಬೆರಳಿಟ್ಟಳು. ಬೆರಳು ತೆಗೆದಾಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಜೋಳದ ಹಿಟ್ಟಿನ ಒಂದು ದುಂಡು ಗುರುತು ಉಳಿಯಿತು. ಚಿಹ್ನೆ ಅದರ ಕೆಳಗೆ ಮರೆಯಾಯಿತು.

“ಇದೇನ ಬೇ ಇದು? ಸಾಲ್ಯಾಗ ಮಾಸ್ತರ್ರು ತಪ್ಪ ಅಂತ ಹಾಕತಿದ್ರಲಾ, ಹಂಗ ಐತಿ.”

“ಅದನ್ನ ಒತ್ತಿದ್ರ ಪೆಟಗಿ ಮುಚ್ಚತೈತಿ ಕಾಕು.”

“ಮುಚ್ಚೂದ್ಯಾಕ? ಅವ್ರು ಈಗರ ಬಂದಾರ.”

ಪೆಟ್ಟಿಗೆಯೊಳಗೆ “ಬರ್ರಿ, ಬರ್ರಿ” ಎಂದು ಬರೆದಿತ್ತು. ಅದು ಕಾಕುವಿನ ರೊಟ್ಟಿ ಕೇಂದ್ರಕ್ಕಾಗಿ ನಾನು ಬರೆಯುತ್ತಿದ್ದ ವೆಬ್ ಪೇಜು. ಬಂದವರಿಗೆ ಬರ್ರಿ ಎಂದು ಹೇಳಿ, ಅದೇ ಬಾಯಿಂದ ಹೋಗುವ ಬಾಗಿಲನ್ನೂ ತೋರಿಸುವುದು ಎಲ್ಲಿಯ ರೀತಿ ಎಂದು ಅವಳ ಪ್ರಶ್ನೆ. ನಾನು ಚಿಹ್ನೆಯನ್ನು ಅಳಿಸಿದೆ. ಹಿಟ್ಟನ್ನು ಆಮೇಲೆ ಒರೆಸಿದೆ.

ಕಾಕು ಅಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಕುಂದಗೋಳದ ರಸ್ತೆಯ ಮೇಲಿರುವ ನಮ್ಮ ಊರಿನಲ್ಲಿ ಅವಳ ಮನೆ ನಮ್ಮ ಮನೆಯಿಂದ ಒಂದು ಓಣಿ ಆಚೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಲೆಗಳು ಸಾಲಾಗಿವೆ. ಓಣಿಯ ಹೆಣ್ಣುಮಕ್ಕಳು ಬಂದು ರೊಟ್ಟಿ ಬಡಿಯುತ್ತಾರೆ. ಮದುವೆಯ ದಿನಗಳಲ್ಲಿ ಹಂಚು ಆರುವುದೇ ಇಲ್ಲ. ಆದರೆ ಆಷಾಢ ಬಂತೆಂದರೆ ಮದುವೆಯಿಲ್ಲ, ರೊಟ್ಟಿಯೂ ಇಲ್ಲ. ಆಗ ಕಾಕು ಆ ಹೆಣ್ಣುಮಕ್ಕಳಿಗೆ “ಇನ್ನ ಶ್ರಾವಣಕ್ಕ ಬರ್ರಿ” ಎಂದು ಹೇಳಬೇಕು. ಮನೆಗೆ ಬಂದ ಮಾರಾಟಗಾರನಿಗೂ ಹೋಗು ಎನ್ನಲಾರದ ಹೆಂಗಸಿಗೆ ಈ ಒಂದು ವಾಕ್ಯ ಪ್ರತಿ ವರ್ಷ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೋದ ಸಲ ಅದನ್ನು ಹೇಳಲಾಗದೆ, ಕೆಲಸವಿಲ್ಲದೆಯೂ ಅವರನ್ನು ಕರೆಸಿ ದಿನವೂ ಚಹಾ ಕುಡಿಸಿ ಕಳಿಸಿದ್ದಳು.

ಈ ಸಲ ಹುಬ್ಬಳ್ಳಿಯ ಒಂದು ಹುಡುಗಿಯರ ಹಾಸ್ಟೆಲಿನಿಂದ ವಿಚಾರಣೆ ಬಂದಿತ್ತು. ದಿನವೂ ಸಂಜೆಗೆ ರೊಟ್ಟಿ ಬೇಕು. ಎಷ್ಟು ಬೇಕೆಂದು ಹುಡುಗಿಯರೇ ಮೊಬೈಲಿನಲ್ಲಿ ಒತ್ತಿ ಹೇಳುವಂತಿರಬೇಕು. “ಪೇಜ್ ಇದ್ರ ಕಳಸ್ರಿ, ನೋಡಿ ಹೇಳ್ತೀನಿ” ಎಂದಿದ್ದರು ಅಲ್ಲಿಯ ಮೇಲ್ವಿಚಾರಕಿ. ಆ ಕೆಲಸ ಸಿಕ್ಕರೆ ಆಷಾಢದಲ್ಲೂ ಹಂಚು ಬಿಸಿ. ಕಾಕು ಸೀದಾ ನನ್ನ ಹತ್ತಿರ ಬಂದಳು.

ನಾನು ಕುಂದಗೋಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬ್ರೌಸರು ನಾವು ಹೇಳಿದಂತೆ ಕೇಳುವಂತೆ ಜಾವಾಸ್ಕ್ರಿಪ್ಟಿನಲ್ಲಿ ಬರೆಯುವುದು ಹೇಗೆ ಎಂಬುದನ್ನು ಕಲಿಸುತ್ತೇನೆ. ಪೆಟ್ಟಿಗೆ ತೆರೆಯುವುದು, ಮುಚ್ಚುವುದು, ಒಂದು ಪೇಜಿನಿಂದ ಇನ್ನೊಂದಕ್ಕೆ ಕಳಿಸುವುದು, ಹಿಂದಕ್ಕೆ ಕರೆತರುವುದು. ಇದೆಲ್ಲ ಚೆನ್ನಾಗಿ ಬರುತ್ತದೆ. ಮನುಷ್ಯರ ನಡುವೆ ಇದೇ ಕೆಲಸಗಳು ನನಗೆ ಅಷ್ಟಾಗಿ ಬರುವುದಿಲ್ಲ. ಯಾರ ಮನೆಗೆ ಹೋದರೂ ಮಾತು ಮುಗಿದ ಕೂಡಲೇ ಏಳುತ್ತೇನೆ. ಕಾಕುವಿನ ಮನೆಯಿಂದಂತೂ ಹಿತ್ತಲ ಬಾಗಿಲಿಂದಲೇ ಹೊರಬೀಳುವುದು ರೂಢಿ. ಒಂದು, ಬಸ್ಸು ತಪ್ಪುತ್ತದೆ. ಇನ್ನೊಂದು, ಅವಳ ಚಹಾದಲ್ಲಿ ಚಮಚ ನೆಟ್ಟರೆ ನಿಲ್ಲುವಷ್ಟು ಸಕ್ಕರೆ.

“ಬೆಕ್ಕ ಬಂದ ಹೋದಂಗ ಬರ್ತಾಳ ಇಕಿ” ಎನ್ನುತ್ತಾಳೆ ಆಯಿ, ನನ್ನ ಅಜ್ಜಿ. ಅವಳಿರುವುದು ಕಾಕುವಿನ ಮನೆಯ ಪಡಸಾಲೆಯ ಕಂಬದ ಬುಡದಲ್ಲಿ. “ಕಾಲೇಜ್‌ದಾಗೂ ಅತಿಥಿ, ಮನ್ಯಾಗೂ ಅತಿಥಿ. ಹಾಲ ಕುಡೀತಾಳೇನ ಕೇಳ ನೋಡು.”

ಇಂಥ ನನಗೆ, ಬಂದವರನ್ನು ಹೋಗಗೊಡದ ಪೇಜು ಬರೆಯುವ ಕೆಲಸ ಬಂತು.

ಮೊದಲು ನಾನು ಬ್ರೌಸರಿನ ಸಿದ್ಧ ಪೆಟ್ಟಿಗೆಯನ್ನೇ ಬಳಸಿದ್ದೆ. ಅದರ ನೆತ್ತಿಯ ಮೇಲೆ, ಇಂಥ ವಿಳಾಸದ ಪೇಜು ಹೀಗೆ ಹೇಳುತ್ತಿದೆ ಎಂದು ಬ್ರೌಸರು ತಾನಾಗಿಯೇ ಬರೆದುಕೊಳ್ಳುತ್ತದೆ. ಕಾಕು ಅದನ್ನು ಓದಿಸಿ ಕೇಳಿದಳು.

“ನಾ ಬರ್ರಿ ಅನ್ನಾಕ ನಡುವ ಇವನ್ಯಾರು?”

ಅದಕ್ಕೇ ನನ್ನದೇ ಪೆಟ್ಟಿಗೆ ಬರೆದದ್ದು. ಅದರ ಮೂಲೆಯ ಚಿಹ್ನೆಯ ಗತಿ ಏನಾಯಿತೆಂದು ಹೇಳಿದ್ದೇನೆ. ಆಮೇಲೆ ನೀರು. ಬರ್ರಿ ಎಂದ ಮೇಲೆ ನೇರ ರೊಟ್ಟಿಯ ಚಿತ್ರ ಬಂದದ್ದು ಕಾಕುವಿಗೆ ಸರಿಬರಲಿಲ್ಲ.

“ನೀರ ಕೊಡಲಾರ್ದ ವ್ಯಾಪಾರದ ಮಾತ ಆಡ್ತಾರನ? ಬಸ್‌ಸ್ಟ್ಯಾಂಡಿನ ಹೋಟೆಲ್ ಆತಲಾ ಇದು!”

ಅವಳ ಮನೆಯ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಚಿತ್ರ ತೆಗೆದು ಹಾಕಿದೆ. ತಂಬಿಗೆಯನ್ನು ಮುಟ್ಟಿದರೆ ಮಾತ್ರ ಮುಂದಿನದು ತೆರೆಯುತ್ತದೆ: ಕಡಕ ರೊಟ್ಟಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ.

ನಿಜವಾದ ತೊಡಕು ಹೋಗುವಾಗಿನದು. ಪೇಜು ಬಿಟ್ಟು ಹೋಗುವವರನ್ನು ಒಂದು ಗಳಿಗೆ ತಡೆಯುವ ಸೌಲಭ್ಯ ಜಾವಾಸ್ಕ್ರಿಪ್ಟಿನಲ್ಲಿದೆ. ಆದರೆ ತಡೆದು ಏನು ಕೇಳಬೇಕು ಎಂಬುದನ್ನು ಬರೆಯುವ ಹಕ್ಕನ್ನು ಬ್ರೌಸರುಗಳು ಎಂದೋ ಕಿತ್ತುಕೊಂಡಿವೆ. ತಮ್ಮದೇ ಒಂದು ವಾಕ್ಯ ಹೇಳುತ್ತವೆ. ಅದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: ನೀವು ಮಾಡಿದ್ದು ಉಳಿಯದೇ ಹೋಗಬಹುದು.

ಕಂಬದ ಬುಡದಿಂದ ಆಯಿ ತಲೆಯೆತ್ತಿದಳು. “ಹೋಗವ್ರಿಗೆ ಹಂಗಂತಾರನ? ಅದು ಶಾಪ ಬೇ, ಶಾಪ!”

“ಬ್ರೌಸರ್ ಅನ್ನೂದ ಹಂಗ, ಆಯಿ. ಮೋಸಗಾರರು ಜನರ್ನ ತಡದ ತಡದ ಸುಲಿಗಿ ಮಾಡಿದ್ರು. ಅದಕ್ಕ ಬಿಗಿ ಮಾಡ್ಯಾರ.”

“ಚಾ ಕುಡದು ಹೋಗ್ರಿ ಅನ್ನೂದು ಸುಲಿಗ್ಯನ?” ಎಂದಳು ಕಾಕು. ಅವಳಿಗೆ ನಿಜಕ್ಕೂ ನೋವಾಗಿತ್ತು.

ಉಳಿದದ್ದು ಒಂದೇ ಹಾದಿ. ಮೊಬೈಲಿನಲ್ಲಿ ನಮ್ಮ ಜನ ಪೇಜಿನಿಂದ ಹೊರಗೆ ಹೋಗುವುದು ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿ. ಎಲ್ಲಿಂದ ಎಲ್ಲಿಗೆ ಬಂದಿರಿ ಎಂಬುದನ್ನು ಬ್ರೌಸರು ಹೆಜ್ಜೆ ಹೆಜ್ಜೆಯಾಗಿ ನೆನಪಿಟ್ಟಿರುತ್ತದೆ. ಬಾಣ ಒಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ಬಂದವರು ನೀರಿನ ತಂಬಿಗೆ ಮುಟ್ಟಿದ ಕೂಡಲೇ ನಾನು ಆ ನೆನಪಿನಲ್ಲಿ ನಮ್ಮದೇ ಪೇಜಿನ ಇನ್ನೊಂದು ಹೆಜ್ಜೆ ಸೇರಿಸಿದೆ. ಈಗ ಬಾಣ ಒತ್ತಿದವರು ಪಡಸಾಲೆಯಿಂದ ಅಂಗಳಕ್ಕೆ ಇಳಿಯುತ್ತಾರೆ, ಬೀದಿಗಲ್ಲ. ಅಂಗಳದಲ್ಲಿ ನಾನು ಬರೆದ ಕೋಡು ಕಾದಿರುತ್ತದೆ, ಕೈಹಿಡಿದು ಮತ್ತೆ ಪಡಸಾಲೆಗೆ ಕರೆತರುತ್ತದೆ.

ಎಷ್ಟು ಸಲ ಎಂದು ಕೇಳಿದೆ. ಕಾಕು ನನ್ನನ್ನು ಕನಿಕರದಿಂದ ನೋಡಿದಳು.

“ಮೂರ ಸಲ. ಎರಡಕ್ಕ ಬಿಟ್ರ ಇವ್ರಿಗೆ ಮನಸ ಇದ್ದಿಲ್ಲ ಅಂತಾರ. ನಾಕನೇದಕ್ಕ ಕೈ ಹಿಡದ್ರ ಇವ್ರಿಗೆ ಬುದ್ಧಿ ಇಲ್ಲ ಅಂತಾರ. ಇಷ್ಟೂ ಗೊತ್ತಿಲ್ಲೇನ ನಿನಗ?”

ಗೊತ್ತಿತ್ತು. ಆದರೆ ಕೂಡು ಎನ್ನುವವರು ಮೂರು ಎಣಿಸುವ ಹೊತ್ತಿಗೆ ನಾನು ಸಾಮಾನ್ಯವಾಗಿ ಹಿತ್ತಲು ದಾಟಿರುತ್ತೇನೆ.

ಹಾಗಾಗಿ ಮೊದಲ ಸಲ ಪೇಜು ಹೇಳುವುದು: “ಇಷ್ಟ ಲಗೂ ಹೊಂಟ್ರಿ?” ಎರಡನೆಯದು: “ಒಂದ ಗುಟುಕ ಚಾ ಕುಡದು ಹೋಗ್ರಿ.” ಮೂರನೆಯದು: “ರೊಟ್ಟಿ ಹಂಚಿನ ಮ್ಯಾಲ ಐತ್ರಿ.” ಪ್ರತಿ ಮಾತಿನ ಕೆಳಗೆ ಎರಡು ಬಟನ್: “ಕುಂದರ್ತೀನ್ರಿ” ಮತ್ತು “ಇಲ್ರಿ, ಬರ್ತೀನ್ರಿ”. ಮೂರಕ್ಕೂ ಇಲ್ಲವೆಂದವರಿಗೆ ಕುಂಕುಮದ ಬಟ್ಟಲು ಕಾಣುತ್ತದೆ, “ಹೋಗಿ ಬರ್ರಿ” ಎನ್ನುತ್ತದೆ, ಪೇಜು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅವರನ್ನು ಕಳಿಸಿಕೊಡುತ್ತದೆ. ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ, ಮುಂದಿನ ಅತಿಥಿಗಾಗಿ.

ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಮೊಬೈಲು ಕೊಟ್ಟು ಪರೀಕ್ಷೆ ಮಾಡಿಸಿದೆ. ಒಬ್ಬಳೂ “ಇಲ್ರಿ, ಬರ್ತೀನ್ರಿ” ಒತ್ತಲಿಲ್ಲ.

“ಒತ್ತಿ ನೋಡ್ರಿ, ಪರೀಕ್ಷಾ ಇದು” ಎಂದೆ.

“ಅಷ್ಟ ಪ್ರೀತಿಲೆ ಕುಂದ್ರು ಅಂದ್ರ ಹೆಂಗ್ರೀ ಇಲ್ಲ ಅನ್ನೂದು? ನಮಗೇನ ಮಾನಿಲ್ಲನ?”

ಅವರಲ್ಲಿ ಹಿರಿಯಳು “ಕುಂದರ್ತೀನ್ರಿ” ಒತ್ತಿ, ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಚಹಾ ಯಾವಾಗ ಬರುತ್ತದೆಂದು ಕೇಳಿದಳು. ಕಾಕು ಎದ್ದು ಹೋಗಿ ಮಾಡಿ ತಂದಳು.

ಹೊರಹೋಗುವ ಪರೀಕ್ಷೆಯನ್ನು ನಾನೊಬ್ಬಳೇ ಮಾಡಿದೆ. ಮೂರು ಸಲ ಇಲ್ಲವೆಂದೆ, ಕುಂಕುಮ ಬಂತು, “ಹೋಗಿ ಬರ್ರಿ” ಬಂತು. ಅಪ್ಪಣೆ ಸಿಕ್ಕಿದ ಮೇಲೆ ನಿಲ್ಲುವ ಅಭ್ಯಾಸ ನನಗಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ಲಿಂಕು ಕಳಿಸಿದ ದಿನ ಮಧ್ಯಾಹ್ನ ಮೇಲ್ವಿಚಾರಕಿಯ ಫೋನು ಬಂತು. ಕಾಕು ಸ್ಪೀಕರ್ ಹಚ್ಚಿದಳು.

“ರೊಟ್ಟಿ ಕೇಂದ್ರನ್ರಿ? ನಾ ನಿಮ್ಮ ಪೇಜ್‌ದಾಗ ಸಿಕ್ಕೊಂಡೀನ್ರಿ.”

“ಇರ್ರಿ ಇರ್ರಿ, ನಿಮ್ಮದ ಮನಿ ಐತಿ” ಎಂದಳು ಕಾಕು ಸಂತೋಷದಿಂದ.

“ಇರಾಕ ವ್ಯಾಳ್ಯಾ ಇಲ್ರೀ ನನಗ! ಮುಂಜಾನಿಂದ ಬರ್ತೀನ್ರಿ ಬರ್ತೀನ್ರಿ ಅಂತ ಒತ್ತಾಕತ್ತೀನಿ. ಕುಂಕುಮ ಕೊಡತೈತಿ, ಹೋಗಿ ಬರ್ರಿ ಅಂತೈತಿ, ಮತ್ತ ಇಷ್ಟ ಲಗೂ ಹೊಂಟ್ರಿ ಅಂತೈತಿ. ಮೊಬೈಲ್ ಬಂದ್ ಮಾಡಿ ತಗದ್ರೂ ಅದ ಕುಂತೈತಿ. ಇನ್ನೊಂದ ಕಡೆ ರೊಟ್ಟಿ ಮಾಡ್ತಾರಂತ, ಅವ್ರ ಪೇಜ್ ನೋಡೂಣು ಅಂದ್ರ ಬಿಡವಲ್ದು!”

ಕಾಕು ಫೋನಿಗೆ ಅಂಗೈ ಮುಚ್ಚಿ ನನ್ನ ಕಿವಿಯಲ್ಲಿ ಹೇಳಿದಳು: “ಬಿಡಬ್ಯಾಡ ಬೇ.”

ಆ ಸಂಜೆ ಕುಂದಗೋಳದಲ್ಲಿ ತಮ್ಮ ಬೀಗರ ಮನೆಗೆ ಬರುವುದಿದೆ, ಹಾದಿಯಲ್ಲಿ ಇಳಿದು ಮೊಬೈಲನ್ನೇ ತೋರಿಸುತ್ತೇನೆ ಎಂದರು ಅವರು. ನಾನು ಕಾಲೇಜಿನ ಕೆಲಸ ಬಿಟ್ಟು ಕೋಡನ್ನು ಮತ್ತೆ ಮತ್ತೆ ಓದಿದೆ. ಎಲ್ಲ ಸಾಲೂ ಸರಿಯಾಗಿದ್ದವು. ಸರಿಯಾಗಿ ಕಾಣುವ ಕೋಡಿನಷ್ಟು ಕಿರಿಕಿರಿ ಇನ್ನೊಂದಿಲ್ಲ.

ಮೇಲ್ವಿಚಾರಕಿ ನೆಟ್ಟಗೆ ನಿಲ್ಲುವ, ಕೈಚೀಲವನ್ನು ಎದೆಗವಚಿಕೊಳ್ಳುವ ಹೆಂಗಸು. ಹೊಸ್ತಿಲಾಚೆಯೇ ನಿಂತರು.

“ಒಳಗ ಬರೂದಿಲ್ರಿ. ನಿಂತಲ್ಲೇ ತೋರಿಸಿ ಹೋಗ್ತೀನಿ.”

“ಬರ್ರಿ, ಬರ್ರಿ” ಎಂದಳು ಕಾಕು.

ಅವರು ಬಂದರು. ಕೂತರು. ತಂಬಿಗೆಯಲ್ಲಿ ನೀರು ಬಂತು. ಅವರು ತಂಬಿಗೆಯನ್ನು ನೋಡಿದರು, ಕೈಯಲ್ಲಿದ್ದ ಮೊಬೈಲನ್ನು ನೋಡಿದರು, ಮತ್ತೆ ತಂಬಿಗೆಯನ್ನು ನೋಡಿದರು. ಕಂಠದ ಹತ್ತಿರದ ತಗ್ಗು ಎರಡರಲ್ಲೂ ಒಂದೇ ಕಡೆ ಇತ್ತು.

ನಾನು ಅವರ ಮೊಬೈಲು ಇಸಿದುಕೊಂಡು ಮೂಲೆಯಲ್ಲಿ ಕೂತೆ. ಅವರು ಹೇಳಿದ್ದು ನಿಜ. ಕುಂಕುಮದ ನಂತರ ಪೇಜು ಕಣ್ಣು ಮಿಟುಕಿಸಿ ಮತ್ತೆ ಮೊದಲ ಪ್ರಶ್ನೆಗೆ ಬರುತ್ತಿತ್ತು. ಅಷ್ಟರಲ್ಲಿ ಅವರು ಎದ್ದರು.

“ಇವ್ರು ಸರಿ ಮಾಡ್ಲಿ, ಮೊಬೈಲ್ ಆಮ್ಯಾಲ ಒಯ್ತೀನಿ. ಬರ್ತೀನ್ರಿ.”

“ಇಷ್ಟ ಲಗೂ ಹೊಂಟ್ರಿ?” ಎಂದಳು ಕಾಕು.

ಮೇಲ್ವಿಚಾರಕಿ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದರು.

“ಒಂದ ಗುಟುಕ ಚಾ ಕುಡದು ಹೋಗ್ರಿ.”

“ಅಲ್ರೀ,” ಎಂದರು ಅವರು ನನ್ನ ಕಡೆ ತಿರುಗಿ, “ಮೊಬೈಲ್‌ದಾಗ ಆದದ್ದ ಇಲ್ಲೂ ಸುರು ಆತಲ್ರಿ!”

“ಮುಂದಿಂದ ನಿಮಗ ಗೊತ್ತೈತಿ,” ಎಂದಳು ಆಯಿ ಕಂಬದ ಬುಡದಿಂದ, “ರೊಟ್ಟಿ ಹಂಚಿನ ಮ್ಯಾಲ ಐತಿ. ತಿಂದ ಬಿಡ್ರಿ, ಸುಮ್ನ ಏಳೂದು ಕೂಡ್ರೂದು ಮಾಡಿ ಮಣಕಾಲ ನೋಯಿಸ್ಕೋಬ್ಯಾಡ್ರಿ.”

ರೊಟ್ಟಿ ಬಂತು, ಮೇಲೆ ಎಣಗಾಯಿ. ಅವರು ಮೊದಲು ಕೈಚೀಲ ತೊಡೆಯ ಮೇಲಿಟ್ಟುಕೊಂಡೇ ತಿಂದರು. ಎರಡನೆಯ ರೊಟ್ಟಿಗೆ ಚೀಲ ನೆಲಕ್ಕಿಳಿಯಿತು. ಏನೂ ಹೊಗಳಲಿಲ್ಲ. ಆದರೆ ತಟ್ಟೆಯ ಅಂಚಿಗೆ ಉಳಿದಿದ್ದ ಗುರೆಳ್ಳು ಚಟ್ನಿಯನ್ನೂ ಬೆರಳಿಂದ ಬಳಿದದ್ದನ್ನು ನಾನು ನೋಡಿದೆ.

ಕೈ ತೊಳೆದು ಅವರು ನಿಜವಾಗಿಯೂ ಹೊರಟರು. ಕಾಕು ಕುಂಕುಮ ಹಚ್ಚಿದಳು, “ಹೋಗಿ ಬರ್ರಿ” ಎಂದಳು. ಅವರು ಹೊಸ್ತಿಲು ದಾಟಿ ಅಂಗಳಕ್ಕಿಳಿದರು. ಕಾಕುವೂ ಹಿಂದೆಯೇ ಇಳಿದಳು.

“ಅಂದ್ಹಂಗ ನಿಮ್ಮ ಬೀಗರ ಮನಿ ಕುಂದಗೋಳದಾಗ ಯಾವ ಓಣ್ಯಾಗ್ರಿ?”

“ಅದ್ರೀ, ದೊಡ್ಡ ಬಾವಿ ಬಾಜು.”

“ಅಯ್ಯ! ಅಲ್ಲೇ ನಮ್ಮ ನಾದಿನಿನ್ನ ಕೊಟ್ಟೇವಿ. ಒಳಗ ಬರ್ರಿ, ಫೋಟೋ ತೋರಸ್ತೀನಿ. ಇಷ್ಟ ಲಗೂ ಎಲ್ಲಿ ಹೊಂಟ್ರಿ?”

ಮೇಲ್ವಿಚಾರಕಿ, ಹಣೆಯ ಮೇಲೆ ಹಸಿ ಕುಂಕುಮದೊಂದಿಗೆ, ಮತ್ತೆ ಪಡಸಾಲೆಗೆ ಬಂದು ಕೂತರು.

ನಾನು ಕೋಡನ್ನು ನೋಡಿದೆ. ತಪ್ಪು ಅಲ್ಲೇ ಕೂತಿತ್ತು. ಕುಂಕುಮ ಕೊಟ್ಟ ಮೇಲೆ ನಾನು ಅತಿಥಿಯನ್ನು ಒಂದೇ ಹೆಜ್ಜೆ ಹಿಂದಕ್ಕೆ ಕಳಿಸುತ್ತಿದ್ದೆ. ಒಂದು ಹೆಜ್ಜೆ ಹಿಂದೆ ಇದ್ದದ್ದು ಬೀದಿಯಲ್ಲ, ನಾನೇ ಕಟ್ಟಿದ ಅಂಗಳ. ಅಂಗಳಕ್ಕಿಳಿದವರನ್ನು ಹಿಡಿದು ತರುವ ಕೋಡು ಅಲ್ಲಿ ಎಚ್ಚರವಾಗಿಯೇ ಇತ್ತು, ಎಣಿಕೆಯೂ ಸೊನ್ನೆಯಾಗಿತ್ತು. ಹೊರಗೆ ಹೋಗಬೇಕಾದರೆ ಹೆಜ್ಜೆ ಎರಡು ಬೇಕು. ಒಂದನ್ನು ಅಳಿಸಿ ಎರಡು ಬರೆದೆ. ಹೇಳಿಕೊಳ್ಳುವಂಥದ್ದೇನೂ ಅಲ್ಲದ್ದರಿಂದ ಯಾರಿಗೂ ಹೇಳಲಿಲ್ಲ.

ಫೋಟೋ ನೋಡಿ ಮುಗಿಸಿ ಮೇಲ್ವಿಚಾರಕಿ ಮೊಬೈಲಿಗಾಗಿ ಕೈ ಚಾಚಿದರು.

“ರೊಟ್ಟಿದ್ದೇನ ತಕರಾರ ಇಲ್ರಿ. ಆದ್ರ ದಿನಾ ಈ ಪೇಜ್ ತಗಿಯವ್ರು ನಮ್ಮ ಹುಡುಗ್ಯಾರು. ಅವ್ರು ಓದೂದ ಬಿಟ್ಟ ನಿಮ್ಮ ಪಡಸಾಲ್ಯಾಗ ಕುಂತ್ರ ನಾ ಅವ್ರ ಅಪ್ಪಗೋಳಿಗೆ ಏನ ಹೇಳ್ಲಿ? ನಾಳೆ ಮುಂಜಾನೆ ತಗದ ನೋಡ್ತೀನಿ. ನನ್ನ ಬಿಟ್ರ ರೊಟ್ಟಿ ನಿಮಗ ಹೇಳ್ತೀನಿ. ಬಿಡಲಿಲ್ಲಂದ್ರ ಬ್ಯಾರೆ ಕಡೆ ಹೇಳ್ತೀನಿ. ಸಿಟ್ಟ ಮಾಡ್ಕೋಬ್ಯಾಡ್ರಿ.”

ಈ ಸಲ ಅವರನ್ನು ಬೀದಿಯವರೆಗೆ ಬಿಟ್ಟು ಬಂದದ್ದು ನಾನು. ಕಾಕುವನ್ನು ಆಯಿ ಸೆರಗು ಹಿಡಿದು ಕೂರಿಸಿದ್ದಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಹೆಣ್ಣುಮಕ್ಕಳು ಶೆಡ್ಡಿನಲ್ಲಿ ಕೂತಿದ್ದರು. ಹಿಟ್ಟಿಗೆ ಯಾರೂ ನೀರು ಹಾಕಿರಲಿಲ್ಲ. ಕಾಕು ಫೋನನ್ನು ಒಲೆಕಟ್ಟೆಯ ಮೇಲೆ, ದೇವರ ಫೋಟೋದ ಕೆಳಗೆ ಇಟ್ಟಿದ್ದಳು. ನಾನು ಅದರಲ್ಲಿ ಹವಾಮಾನದ ಪೇಜೊಂದನ್ನು ತೆರೆದು, ಅಲ್ಲಿಂದ ನಮ್ಮ ಪೇಜಿಗೆ ಬಂದೆ. ನೀರು ಮುಟ್ಟಿದೆ. ಮೂರು ಸಲ ಇಲ್ಲವೆಂದೆ. ಕುಂಕುಮ, ಹೋಗಿ ಬರ್ರಿ. ಈ ಸಲ ಕೊನೆಯವರೆಗೆ ನಿಂತು ನೋಡಿದೆ. ಪರದೆಯ ಮೇಲೆ ಹವಾಮಾನ ಬಂತು.

“ಹೋಗೇ ಬಿಟ್ರಲ್ಲ!” ಎಂದಳು ಕಾಕು, ಯಾರೋ ಊರೇ ಬಿಟ್ಟು ಹೋದರೇನೋ ಎಂಬಂತೆ.

ಫೋನು ಹೊಡೆದುಕೊಂಡಿತು. ಮೇಲ್ವಿಚಾರಕಿ ಇನ್ನೊಂದು ಮೊಬೈಲಿನಲ್ಲಿ ಪೇಜು ತೆರೆದಿಟ್ಟುಕೊಂಡು ಮಾತಾಡುತ್ತಿದ್ದರು. “ತಗದೀನ್ರಿ. ನೀರ ಆತು. ಹಿಂದ ಒತ್ತೀನಿ. ಹಾಂ, ಲಗೂ ಹೊಂಟ್ರಿ ಅಂತು. ಇಲ್ರಿ. ಚಾ ಬ್ಯಾಡ್ರಿ. ರೊಟ್ಟಿ ಬ್ಯಾಡ್ರಿ. ಕುಂಕುಮ. ಹಾಂ. ಬಂದೆ ನೋಡ್ರಿ, ಹೊರಗ ಬಂದೆ!” ಅವರ ದನಿಯಲ್ಲಿ ಬಿಡುಗಡೆಯ ಹರ್ಷವಿತ್ತು. ಫೋನು ಕಟ್ಟಾಯಿತು.



“ಹೋದ್ರು” ಎಂದಳು ಕಾಕು.

“ಛಲೋ ಆತು. ಎಲ್ಲಾರ್ಗೂ ನಿನ್ನಂಗ ಓಡಾಕ ಕಲಿಸಿದಿ” ಎಂದು ಆಯಿ ಪಡಸಾಲೆಯಿಂದಲೇ ನನಗೆ ಕೂಗಿ ಹೇಳಿದಳು.

ಕಾಕು ಹೆಣ್ಣುಮಕ್ಕಳ ಕಡೆ ತಿರುಗಿದಳು. ಶ್ರಾವಣಕ್ಕೆ ಬರ್ರಿ ಎಂಬ ಆ ವಾಕ್ಯವನ್ನು ಹೇಳಲು ಬಾಯಿ ತೆರೆದದ್ದೂ ಹೌದು. “ಇನ್ನ” ಎಂಬುದಷ್ಟು ಬಂತು. ಅಷ್ಟರಲ್ಲಿ ಒಲೆಕಟ್ಟೆಯ ಮೇಲೆ ಫೋನು ಟಿಂಗ್ ಎಂದಿತು. ಪೇಜಿನಿಂದ ಬೇಡಿಕೆ ಬಂದಿತ್ತು: ಹಾಸ್ಟೆಲಿಗೆ, ಆ ಸಂಜೆಯಿಂದಲೇ, ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ. ಅದನ್ನು ಕಳಿಸಬೇಕಾದರೆ ಅವರು ಮತ್ತೊಮ್ಮೆ ನಮ್ಮ ಬಾಗಿಲಿಗೆ ಬಂದು, ಮತ್ತೊಮ್ಮೆ ನೀರು ಮುಟ್ಟಿರಲೇಬೇಕು. ಯಾರೂ ಕೈಹಿಡಿದಿರಲಿಲ್ಲ.

“ಮತ್ತ ಬಂದ್ರ?” ಎಂದಳು ಕಾಕು. “ನೋಡ್ದಿ? ಈಗ ಅದನ್ನ ನಾಕ ಸಲ ಮಾಡಿಬಿಡು.”

“ಮೂರ ಸಾಕು ಕಾಕು.”

ಹಿಟ್ಟಿಗೆ ನೀರು ಬಿತ್ತು. ಒಲೆ ಹತ್ತಿತು. ಬಸ್ಸಿನ ಹೊತ್ತಾಗಿತ್ತು. ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ ಹಿತ್ತಲ ಬಾಗಿಲಿನ ಕಡೆ ನಡೆದೆ.

“ಇಷ್ಟ ಲಗೂ ಹೊಂಟಿ?” ಕಾಕು ತಲೆಯೆತ್ತದೆ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಇಲ್ಲ ಕಾಕು, ಬರ್ತೀನಿ.”

“ಒಂದ ಗುಟುಕ ಚಾ ಕುಡದು ಹೋಗು.”

“ಬಸ್ ಬರತೈತಿ.”

“ರೊಟ್ಟಿ ಹಂಚಿನ ಮ್ಯಾಲ ಐತಿ ಬೇ.”

ಇತ್ತು. ಅವಳು ಅದನ್ನು ಮಗುಚುತ್ತಿದ್ದಳು. ನಾನು ತಿರುಗಿ ಪಡಸಾಲೆಗೆ ಬಂದು ಆಯಿಯ ಪಕ್ಕದಲ್ಲಿ ಕೂತೆ. ಚಹಾ ಎಂದಿನಷ್ಟೇ ಸಿಹಿಯಾಗಿತ್ತು. ಅರ್ಧ ಕುಡಿಯುವಷ್ಟರಲ್ಲಿ ಕುಂದಗೋಳದ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು. ಉಳಿದರ್ಧವನ್ನು ರೊಟ್ಟಿಯ ಜೊತೆ ನಿಧಾನವಾಗಿ ಕುಡಿದೆ.